ಕೋಳಿಯನ್ನು ಕೇಳಿ ರಸ್ತೆ ಮಾಡುತ್ತಾರೆಯೇ?

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುವ ಮಾತು ನಮ್ಮ ಊರ ಕಡೆ ಎಲ್ಲರ ಬಾಯಲ್ಲೂ ಉಂಟು. ಬಲವಿಲ್ಲದವರ ಒಪ್ಪಿಗೆ ಯಾರಿಗೂ ಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ರಸ್ತೆಯ ವಿಷಯದಲ್ಲೂ ಅಷ್ಟೇ. ಕೋಳಿಯನ್ನು ಕೇಳಿ ಯಾರೂ ರಸ್ತೆ ಮಾಡುವುದಿಲ್ಲ, ಕೋಳಿ ಸಾಕುವವರನ್ನೂ ಕೇಳುವುದಿಲ್ಲ. ಅದು ಹೋಗಲಿ ಎನ್ನೋಣ. ಆದರೆ ಮಾಡಿ ಮುಗಿದ ರಸ್ತೆಗೆ ಕೋಳಿ ಬಾರದಂತೆ ನೋಡಿಕೊಳ್ಳುವ ಹೊಣೆ ಯಾರದ್ದು? ಸಾಕಿದವರದ್ದೋ, ಗಾಡಿ ಓಡಿಸುವವರದ್ದೋ, ರಸ್ತೆ ಮಾಡಿದವರದ್ದೋ, ಅಥವಾ ಆ ರಸ್ತೆಯನ್ನು ನಂಬಿ ಬಂದು ಕೂತ ನಮ್ಮಂಥವರದ್ದೋ? ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು. ಒಬ್ಬ ಹುಡುಗನ ಭುಜದ ಮೂಳೆ ಮತ್ತು ಒಬ್ಬ ಹೆಂಗಸಿನ ಹೊಟ್ಟೆಪಾಡು ಇದರೊಳಗೆ ಸಿಕ್ಕಿಕೊಂಡಿದ್ದನ್ನು ನೋಡಿದ ಮೇಲೆ ನನಗೆ ನಗು ಬರುವುದಿಲ್ಲ.

ಘೋಡಬಂದರ್ ಎಂದರೆ ಕುದುರೆಗಳ ಬಂದರು. ಪೋರ್ಚುಗೀಸರ ಕಾಲದಲ್ಲಿ ಖಾಡಿಯ ದಂಡೆಯ ಆ ಜಾಗದಲ್ಲಿ ಕುದುರೆ ವ್ಯಾಪಾರ ನಡೆಯುತ್ತಿತ್ತಂತೆ, ಅದಕ್ಕೆ ಆ ಹೆಸರು. ಠಾಣೆಯ ಮಾಜಿವಾಡಾದಿಂದ ಹೊರಟ ಈ ರಸ್ತೆ ಮಾನ್‌ಪಾಡಾ, ಪಾಟ್ಲಿಪಾಡಾ, ವಾಘಬೀಳ, ಕಾಸರವಡವಲಿ, ಓವಳೆ, ಗಾಯಮುಖ ದಾಟಿ ಸುಮಾರು 20 ಕಿಲೋಮೀಟರ್ ಹೋಗಿ ಅಹಮದಾಬಾದ್ ಹೆದ್ದಾರಿಗೆ ಸೇರುತ್ತದೆ. ಈಗ ಇಲ್ಲಿ ಓಡುವುದು ಕುದುರೆಗಳಲ್ಲ, ನ್ಹಾವಾ ಶೇವಾ ಬಂದರಿನಿಂದ ಗುಜರಾತಿಗೆ ಹೋಗುವ ಕಂಟೇನರ್ ಲಾರಿಗಳು. ಒಂದು ಬದಿಗೆ ಯೇವೂರಿನ ಗುಡ್ಡಗಳು, ಅದರ ಹಿಂದೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಇನ್ನೊಂದು ಬದಿಗೆ ಖಾಡಿ. ನಡುವೆ ಆಗ್ರಿ, ಕೋಳಿ ಜನರ ಹಳೆಯ ಊರುಗಳು, ಗುಡ್ಡದ ಬುಡದಲ್ಲಿ ವಾರ್ಲಿಗಳ ಪಾಡಾಗಳು. (ಇಲ್ಲಿ ಕೋಳಿ ಎಂದರೆ ಮೀನುಗಾರ ಸಮಾಜ, ನಮ್ಮ ಮೊಗವೀರರ ಹಾಗೆ. ನಾನು ಬರೆಯುತ್ತಿರುವ ಕೋಳಿ ಬೇರೆ!) ಪಾಡಾ ಎಂದರೆ ಕೇರಿ, ಹಾಡಿ. ಬಿಲ್ಡರುಗಳು ತಮ್ಮ ಕಟ್ಟಡಗಳಿಗೆ ಇಟಲಿಯ, ಇಂಗ್ಲೆಂಡಿನ ಹೆಸರು ಇಟ್ಟಿದ್ದಾರೆ. ಆದರೆ ಬಸ್ಸಿನ ಕಂಡಕ್ಟರ್ ಕೂಗುವುದು ಇವತ್ತಿಗೂ ಪಾಡಾಗಳ ಹೆಸರನ್ನೇ. ವಾಘಬೀಳ ಎಂದರೆ ಹುಲಿಯ ಬಿಲ. ಹುಲಿ ಹೋಗಿದೆ, ಚಿರತೆ ಇದೆ, ನಾವು 14ನೇ ಮಹಡಿಯಲ್ಲಿದ್ದೇವೆ.

ನನ್ನ ಊರು ಪಡುಬಿದ್ರಿ ಹತ್ತಿರ. ಆಗ ಅದು ರಾಷ್ಟ್ರೀಯ ಹೆದ್ದಾರಿ 17, ಈಗ 66. ಪನ್ವೇಲಿನಲ್ಲಿ ಶುರುವಾಗಿ ಕನ್ಯಾಕುಮಾರಿಗೆ ಹೋಗುವ ಆ ರಸ್ತೆ ನಮ್ಮ ಮನೆಯ ಅಂಗಳದ ಆಚೆಗೇ ಹಾದು ಹೋಗುತ್ತಿತ್ತು. ಅಂಗಳಕ್ಕೂ ಹೆದ್ದಾರಿಗೂ ನಡುವೆ ಒಂದು ಕೆಂಪು ಕಲ್ಲಿನ ಗಿಡ್ಡ ಕಟ್ಟೆ, ನಾಲ್ಕು ತೆಂಗಿನ ಮರ, ಅಷ್ಟೇ. ಅಮ್ಮನ ಹೇಂಟೆಗಳು ಬೆಳಿಗ್ಗೆ ಎದ್ದು ರಸ್ತೆ ದಾಟಿ ಪಡುವಣದ ಗದ್ದೆಗೆ ಹೋಗಿ ಸಂಜೆ ಮರಳುತ್ತಿದ್ದವು, ಶಾಲೆಗೆ ಹೋಗುವ ನಮ್ಮ ಹಾಗೆಯೇ. ಗಂಟೆಗೊಂದು ಬಸ್ಸು, ಆಗಾಗ ಹಂಚು ಹೇರಿದ ಲಾರಿ. ಡ್ರೈವರು ಹಾರ್ನ್ ಹೊಡೆದರೆ ಕೋಳಿ ಒಮ್ಮೆ ತಲೆ ಎತ್ತಿ ನೋಡಿ ಪಕ್ಕಕ್ಕೆ ಸರಿಯುತ್ತಿತ್ತು. ಬಯಲುಸೀಮೆಯಲ್ಲಂತೂ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹಾಸಿ ಬಸ್ಸಿನ ಚಕ್ರದಿಂದಲೇ ಒಕ್ಕಣೆ ಮಾಡಿಸುವುದನ್ನು ನೀವು ನೋಡಿರಬಹುದು. ರಸ್ತೆ ಎನ್ನುವುದು ಅಂಗಳದ ಮುಂದುವರಿದ ಭಾಗ ಎಂಬ ತಿಳುವಳಿಕೆ ಮನುಷ್ಯರಿಗೂ ಇತ್ತು, ಕೋಳಿಗಳಿಗೂ ಇತ್ತು. ಮನುಷ್ಯರು ಆ ತಿಳುವಳಿಕೆ ಬಿಟ್ಟರು. ಕೋಳಿಗಳಿಗೆ ಅದನ್ನು ಬಿಡಿಸಿದವರು ಯಾರೂ ಇಲ್ಲ.

ಕೋಳಿ ಯಾಕೆ ಗಾಡಿಯ ಎದುರಿಗೇ ಓಡಿ ಬರುತ್ತದೆ? ಬುದ್ಧಿ ಇಲ್ಲದ ಪ್ರಾಣಿ ಎಂದು ಹೇಳಿಬಿಡುವುದು ಸುಲಭ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಅದರ ಲೆಕ್ಕ ಗೊತ್ತಾಗುತ್ತದೆ. ಅದು ಮೂಲತಃ ಕಾಡಿನ ಹಕ್ಕಿ. ಕೆಂಪು ಕಾಡುಕೋಳಿಯನ್ನು ಮನುಷ್ಯ ಪಳಗಿಸಿ ಸಾವಿರಾರು ವರ್ಷವಾದರೂ ಹೆದರಿಕೆಯ ರೀತಿ ಬದಲಾಗಿಲ್ಲ. ಹೆದರಿದ ಕೋಳಿ ಅಪಾಯದಿಂದ ದೂರ ಓಡುವುದಕ್ಕಿಂತ ಹೆಚ್ಚಾಗಿ ತನ್ನ ಗುಂಪಿನ ಕಡೆಗೆ, ಪೊದೆಯ ಕಡೆಗೆ, ಮನೆಯ ಕಡೆಗೆ ಓಡುತ್ತದೆ. ಮನೆ ರಸ್ತೆಯ ಆ ಬದಿಗಿದ್ದು ಅದು ಈ ಬದಿಯಲ್ಲಿ ಹುಳ ಕೆದಕುತ್ತಿದ್ದರೆ ಓಡಬೇಕಾದ ದಾರಿ ಗಾಡಿಯ ಮುಂದೆಯೇ ಹಾದುಹೋಗುತ್ತದೆ. ಗಿಡುಗನ ವೇಗ, ನಾಯಿಯ ವೇಗ, ಮುಂಗುಸಿಯ ವೇಗ ಅದರ ರಕ್ತಕ್ಕೆ ಗೊತ್ತು. ಗಂಟೆಗೆ 60 ಕಿಲೋಮೀಟರ್ ಅದಕ್ಕೆ ಗೊತ್ತಿಲ್ಲ. ಅಂದರೆ ನಮ್ಮ ಕಣ್ಣಿಗೆ ಹುಚ್ಚು ಎಂದು ಕಾಣುವುದು ಅದರ ಮಟ್ಟಿಗೆ ಮನೆ ಸೇರುವ ಆತುರ. ಹೊರನಾಡಿನಲ್ಲಿ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಜಗಳದ ವಿಷಯ. ನಮ್ಮ ಕಾಂಪ್ಲೆಕ್ಸಿನ ಹಿಂದಿನ ಗೇಟಿನಿಂದ ಗುಡ್ಡದ ಬುಡಕ್ಕೆ ಒಂದು ಒಳರಸ್ತೆ ಹೋಗುತ್ತದೆ. ನಾವು ಬಂದಾಗ ಮಣ್ಣಿನ ದಾರಿ, ಆಮೇಲೆ ಕಾಂಕ್ರೀಟ್ ಆಯಿತು. ಮುಖ್ಯ ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಲಸ ಶುರುವಾದ ಮೇಲೆ ಟ್ರಾಫಿಕ್ ತಪ್ಪಿಸಲು ಎಲ್ಲರೂ ಈ ಒಳದಾರಿಯನ್ನೇ ಹಿಡಿದರು. ಅದರ ಪಕ್ಕದಲ್ಲಿ ಒಬ್ಬ ವಾರ್ಲಿ ಹೆಂಗಸಿನ ಮನೆ. ಎಲ್ಲರೂ ಅವಳನ್ನು ಮಾವಶಿ ಎಂದೇ ಕರೆಯುವುದು. ಅವಳ ಹತ್ತು ಹನ್ನೆರಡು ಕೋಳಿಗಳ ಗಾವ್‌ಠಿ ಮೊಟ್ಟೆಗೆ ನಮ್ಮ ಕಾಂಪ್ಲೆಕ್ಸಿನಲ್ಲಿ ಇಪ್ಪತ್ತೆರಡು ಮನೆಗಳ ಗಿರಾಕಿ ಉಂಟು, ನಮ್ಮ ಮನೆಯೂ ಸೇರಿ. 2023ರ ಮಳೆಗಾಲದ ಒಂದು ಸಂಜೆ, ಊಟದ ಡೆಲಿವರಿಗೆ ಬರುತ್ತಿದ್ದ ಹುಡುಗನ ಬೈಕಿಗೆ ಅವಳ ಹೇಂಟೆಯೊಂದು ಅಡ್ಡ ಬಂತು. ಹುಡುಗ ತಪ್ಪಿಸಲು ಹ್ಯಾಂಡಲ್ ತಿರುಗಿಸಿದ. ಒದ್ದೆ ಕಾಂಕ್ರೀಟ್, ಬೈಕ್ ಜಾರಿತು. ಹೇಂಟೆ ಹೇಗೂ ಚಕ್ರದಡಿ ಸತ್ತೇ ಹೋಯಿತು, ಹುಡುಗನ ಕೊರಳೆಲುಬು ಮುರಿಯಿತು.

ನಾನು ಕೆಳಗಿಳಿದು ಹೋಗುವಾಗ ಜನ ಸೇರಿದ್ದರು. ಹುಡುಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, "ಏನಿಲ್ಲವ್ವ, ಕೋಳಿ ಅಡ್ಡ ಬಂತು, ಅಷ್ಟ." ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವನು, ಮನೆಯಲ್ಲಿ ಕನ್ನಡ. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವನ ಕಣ್ಣು ತುಂಬಿತು. "ಸರ್ರ, ನೀವ ಏನರ ಮಾಡ್ರಿ. ಮೂರು ವಾರ ಗಾಡಿ ಹೊಡಿಯಾಕ ಆಗೂದಿಲ್ಲ ಅಂದ್ರ ಕಂತು ಹ್ಯಾಂಗ ಕಟ್ಟಲಿ?" ನಮ್ಮ ಹುಡುಗ ಎಂಬ ಭಾವನೆ ನನ್ನೊಳಗೆ ತಾನಾಗಿ ಎದ್ದಿತು. ಪರವೂರಿನಲ್ಲಿ ಭಾಷೆ ಮಾಡುವ ಕೆಲಸ ಅದು. ಎದುರಿಗೆ ಮಾವಶಿ ಸತ್ತ ಹೇಂಟೆಯನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು. ಅದಕ್ಕೆ ಒಂಬತ್ತು ಮರಿ, ಹುಟ್ಟಿ ಎರಡು ವಾರವಾಗಿರಲಿಲ್ಲ. ಹುಡುಗನ ಖರ್ಚು ಮಾವಶಿ ಕೊಡಬೇಕು ಎಂದು ನಮ್ಮ ಕಾಂಪ್ಲೆಕ್ಸಿನ ಕೆಲವರು. ಕೋಳಿಯ ದುಡ್ಡು ಹುಡುಗ ಕೊಡಬೇಕು ಎಂದು ಪಾಡಾದ ಕೆಲವರು. ಅವಳು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ಸಾಹೇಬ, ಕೋಂಬಡೀ ಆಮ್ಚೀ, ರಸ್ತಾ ಕುಣಾಚಾ?" ಕೋಳಿ ನಮ್ಮದು, ರಸ್ತೆ ಯಾರದ್ದು?

ಬ್ಯಾಂಕಿನಲ್ಲಿದ್ದವರಿಗೆ ಕಾನೂನು ಗೊತ್ತು ಎಂದು ಜನ ನಂಬಿದ್ದಾರೆ, ನಿವೃತ್ತಿಯಾದರೂ ಈ ಕಾಟ ತಪ್ಪುವುದಿಲ್ಲ. ಹಾಗಾಗಿ ಸ್ವಲ್ಪ ಓದಿ ನೋಡಿದೆ. ನಮ್ಮಲ್ಲಿ ಬ್ರಿಟಿಷರು 1871ರಲ್ಲಿ ಮಾಡಿದ ದನಗಳ ಅತಿಕ್ರಮ ಪ್ರವೇಶ ಕಾಯ್ದೆ ಇದೆ. ದೊಡ್ಡಿಗೆ ಕಟ್ಟುವ ಕಾಯ್ದೆ ಎಂದರೆ ನಮ್ಮ ಹಿರಿಯರಿಗೆ ಬೇಗ ಗೊತ್ತಾಗುತ್ತದೆ. ಅದರ 3ನೇ ಕಲಮಿನಲ್ಲಿ ದನ ಎಂದರೆ ಯಾವುದೆಲ್ಲ ಎಂದು ಪಟ್ಟಿ ಉಂಟು. ಆನೆ, ಒಂಟೆ, ಎಮ್ಮೆ, ಕುದುರೆ, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಆಡು ಎಲ್ಲ ಇವೆ, ಕೋಳಿ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು (ಮೊದಲು ದಂಡ ಸಂಹಿತೆಯ 289) ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನಿಗೆ ಶಿಕ್ಷೆ ಹೇಳುತ್ತದೆ. ಅದು ಕಚ್ಚುವ ನಾಯಿ, ಹಾಯುವ ಹೋರಿಗೆ ಸರಿ, ಹೇಂಟೆಗೆ ಹೊಂದಿಸುವುದು ಕಷ್ಟ. ಇಂಗ್ಲೆಂಡಿನಲ್ಲಿ 1907ರಲ್ಲಿ ಸರಿಯಾಗಿ ಇದೇ ತರಹದ ಒಂದು ಕೇಸು ನಡೆದಿತ್ತು, ಹ್ಯಾಡ್‌ವೆಲ್ ಮತ್ತು ರೈಟನ್ ಎಂಬವರ ನಡುವೆ. ನಾಯಿಗೆ ಹೆದರಿದ ಕೋಳಿಯೊಂದು ಹಾರಿ ಸೈಕಲ್ ಚಕ್ರದ ಕಡ್ಡಿಗಳೊಳಗೆ ಹೋಯಿತು, ಸವಾರ ಬಿದ್ದ. ಕೋಳಿಯ ಮಾಲೀಕ ಹೊಣೆಯಲ್ಲ ಎಂದು ತೀರ್ಪಾಯಿತು. ರಸ್ತೆ ಬದಿಯ ಜಮೀನಿನವರು ತಮ್ಮ ಸಾಕುಪ್ರಾಣಿಗಳು ಹೊರಗೆ ಹೋಗದಂತೆ ಬೇಲಿ ಹಾಕಲೇಬೇಕಾಗಿಲ್ಲ ಎಂಬುದು ಅಲ್ಲಿನ ಹಳೆಯ ನ್ಯಾಯ. 1947ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಮೋಟಾರುಗಳು ಹೆಚ್ಚಿದ ಮೇಲೆ 1971ರ ಪ್ರಾಣಿಗಳ ಕಾಯ್ದೆ ಆ ರಿಯಾಯಿತಿಯನ್ನು ತೆಗೆದುಹಾಕಿತು. ಆಗಲೂ ಒಂದು ಕಿಟಕಿ ಬಿಟ್ಟರು. ಬೇಲಿ ಹಾಕುವ ರೂಢಿಯೇ ಇಲ್ಲದ ಪ್ರದೇಶದಲ್ಲಿ, ಬಿಡುವ ಹಕ್ಕು ಇದ್ದವರು ಪ್ರಾಣಿಯನ್ನು ಬಿಟ್ಟರು ಎಂಬ ಒಂದೇ ಕಾರಣಕ್ಕೆ ತಪ್ಪಿತಸ್ಥರಲ್ಲ ಎಂದು. ವಾಹನ ಬಂತು, ಹೊಣೆ ರಸ್ತೆಯಿಂದ ಅಂಗಳದೊಳಗೆ ಸರಿಯಿತು. ಆದರೆ ರೂಢಿಗೂ ಒಂದು ಬೆಲೆ ಇದೆ ಎಂದು ಆ ಕಾನೂನು ಒಪ್ಪಿಕೊಂಡಿತು. ಮಾವಶಿಯ ಪಾಡಾದಲ್ಲಿ ಬೇಲಿಯ ರೂಢಿ ಇರಲಿಲ್ಲ.

ಕಾನೂನು ಹೀಗೆ ಕೈಬಿಟ್ಟಾಗ ನನಗೆ ಎಂ.ಕಾಂ. ದಿನಗಳ ಅರ್ಥಶಾಸ್ತ್ರ ನೆನಪಾಯಿತು. ರೊನಾಲ್ಡ್ ಕೋಸ್ ಎಂಬವರು 1960ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನವಿದೆ, ಅವರಿಗೆ 1991ರಲ್ಲಿ ನೊಬೆಲ್ ಬಂತು. ಅದರ ಮುಖ್ಯ ಉದಾಹರಣೆಯೇ ತಪ್ಪಿಸಿಕೊಂಡು ಪಕ್ಕದ ಹೊಲ ಮೇಯುವ ದನಗಳದ್ದು. ದನ ಬೆಳೆಗೆ ಹಾನಿ ಮಾಡಿತು ಎಂದು ನಾವು ಹೇಳುತ್ತೇವೆ; ಆದರೆ ಬೆಳೆ ಅಲ್ಲಿರುವುದರಿಂದಲೇ ದನ ಸಾಕುವವನಿಗೂ ತೊಂದರೆ. ಹಾನಿ ಎನ್ನುವುದು ಯಾವಾಗಲೂ ಎರಡು ಕಡೆಯದ್ದು ಎಂದು ಕೋಸ್ ವಾದ. ಹಾಗಾದರೆ ಯಾರು ಕಡಿಮೆ ಖರ್ಚಿನಲ್ಲಿ ತಪ್ಪಿಸಬಲ್ಲರೋ ಅವರೇ ತಪ್ಪಿಸಲಿ ಎಂದು ಅವರ ನಂತರದವರು ಲೆಕ್ಕ ಮುಂದುವರಿಸಿದರು. ಈ ಲೆಕ್ಕಕ್ಕೆ ನಮ್ಮ ಜಗಳವನ್ನು ಹಾಕಿ ನೋಡಿ. ರಸ್ತೆಯ ಎಲ್ಲ ವಾಹನಗಳನ್ನು ನಿಧಾನಿಸುವುದು ದುಬಾರಿ. ಮಾವಶಿ ಒಂದು ಬಲೆ ಕಟ್ಟುವುದು ಅಗ್ಗ. ಆದ್ದರಿಂದ ಮಾವಶಿ ಕಟ್ಟಲಿ. ಲೆಡ್ಜರಿನಲ್ಲಿ ಇದಕ್ಕೆ ಏನೂ ತಪ್ಪಿಲ್ಲ. ಆದರೆ ಗಮನಿಸಿ, ಬಡವರ ಸಮಯ, ಬಡವರ ಶ್ರಮ, ಬಡವರ ಸೊತ್ತು ಯಾವಾಗಲೂ ಅಗ್ಗವೇ. ಹಾಗಾಗಿ ಈ ಲೆಕ್ಕ ಎಲ್ಲಿ ಹಾಕಿದರೂ ಬೇಲಿಯ ಗೂಟ ಬಡವರ ಅಂಗಳದಲ್ಲೇ ಬಂದು ನಿಲ್ಲುತ್ತದೆ. ಯಾರು ತಡೆಯಬಲ್ಲರು ಎಂಬುದು ಒಂದು ಪ್ರಶ್ನೆ, ಅದರ ಖರ್ಚು ಯಾರು ಹೊರಬೇಕು ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಖಾತೆಗೆ ಬರೆದರೆ ಅದನ್ನು ನಮ್ಮ ಆಡಿಟರುಗಳು ಕೂಡ ಒಪ್ಪುವುದಿಲ್ಲ.

ಕೋಳಿ ಮತ್ತು ಹಿಂಸೆ ಎಂದ ಕೂಡಲೇ ಕನ್ನಡ ಓದಿದವರಿಗೆ ಜನ್ನನ 'ಯಶೋಧರ ಚರಿತೆ' ನೆನಪಾಗದೆ ಇರಲಾರದು. 13ನೇ ಶತಮಾನದ ಆರಂಭದ ಆ ಕಾವ್ಯದಲ್ಲಿ ರಾಜ ಬಲಿ ಕೊಟ್ಟದ್ದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಇತ್ತಲ್ಲ, ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಅಲೆಯಬೇಕಾಯಿತು, ಒಂದು ಜನ್ಮದಲ್ಲಿ ತಾವೇ ಕೋಳಿಗಳಾಗಿ ಬಾಣಕ್ಕೆ ಸಿಕ್ಕಿ ಸತ್ತರು. ನಮ್ಮ ರಸ್ತೆಯ ಕೋಳಿಯದ್ದು ಇದರ ತಿರುವು. ಸತ್ತದ್ದು ನಿಜವಾದ ಕೋಳಿ, ಸಂಕಲ್ಪ ಮಾತ್ರ ಯಾರದ್ದೂ ಇಲ್ಲ. ಹಾಗಾದರೆ ಪಾಪವೂ ಇಲ್ಲವೇ? ಜೈನರ ತತ್ತ್ವಾರ್ಥ ಸೂತ್ರದಲ್ಲಿ ಹಿಂಸೆಯ ವ್ಯಾಖ್ಯಾನ ಹೇಳುವಾಗ ಪ್ರಮಾದ ಎಂಬ ಪದ ಬರುತ್ತದೆ. ಎಚ್ಚರ ತಪ್ಪಿದ ನಡವಳಿಕೆಯಿಂದ ಜೀವ ಹೋದರೆ ಅದೂ ಹಿಂಸೆಯೇ ಎಂದು. ಹುಡುಗನ ಮಟ್ಟಿಗೆ ಪ್ರಮಾದ ಎನ್ನಲು ನನಗೆ ಮನಸ್ಸು ಬಾರದು, ಅವನು ತಪ್ಪಿಸಲು ಹೋಗಿಯೇ ಬಿದ್ದವನು. (ನಿಜ ಹೇಳಬೇಕೆಂದರೆ ದ್ವಿಚಕ್ರದವರು ಸಣ್ಣ ಪ್ರಾಣಿಗೆ ಹ್ಯಾಂಡಲ್ ತಿರುಗಿಸಲೇಬಾರದು, ನೇರವಾಗಿ ಬ್ರೇಕ್ ಹಾಕಬೇಕು. ಕೇಳಲು ಕ್ರೂರ, ಆದರೆ ಹಿಂದೆ ಕೂತವರ ಜೀವ ಅದರಲ್ಲಿದೆ.) ಅವನ ಬೆನ್ನಿಗೆ ಬಿದ್ದಿದ್ದದ್ದು ಗಡಿಯಾರ. ಗಡಿಯಾರದ ಆ ತುದಿಯಲ್ಲಿ ಬಿಸಿ ಬಿರಿಯಾನಿಗೆ ಕಾಯುತ್ತಿದ್ದವರು ನಮ್ಮ ಕಾಂಪ್ಲೆಕ್ಸಿನವರೇ. ಪ್ರಮಾದ ಎನ್ನುವುದು ಹೀಗೆ ನೂರು ಜನರ ನಡುವೆ ಚಿಲ್ಲರೆಯಾಗಿ ಹಂಚಿ ಹೋದರೆ ಯಾರ ಪಾಲಿಗೂ ಪಾವಲಿಗಿಂತ ಹೆಚ್ಚು ಬರುವುದಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ.

ಇಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೊಟ್ಟೆಯ ವಿಚಾರ. ನಾವು ಮಾವಶಿಯ ಮೊಟ್ಟೆಗೆ ಫಾರಂ ಮೊಟ್ಟೆಯ ದುಪ್ಪಟ್ಟಿಗಿಂತ ಹೆಚ್ಚು ಕೊಡುತ್ತೇವೆ. ಯಾಕೆ? ಅದು ಬಿಟ್ಟು ಸಾಕಿದ ಕೋಳಿ, ಹುಳ ಹುಪ್ಪಟೆ ತಿಂದು ಬೆಳೆದದ್ದು, ಹಳದಿ ಕೆಂಪಗಿರುತ್ತದೆ, ಊರಿನ ರುಚಿ ಬರುತ್ತದೆ ಎಂದು. ಅಂದರೆ ಆ ಕೋಳಿಯ ಸ್ವಾತಂತ್ರ್ಯಕ್ಕೆ ನಾವು ದುಡ್ಡು ಕೊಡುತ್ತಿದ್ದೇವೆ. ಸ್ವಾತಂತ್ರ್ಯದ ರುಚಿ ನಮಗೆ, ಅದರ ಅಪಾಯ ಅವಳಿಗೆ. ಆ ಅಪಾಯವನ್ನು ಹೆಚ್ಚು ಮಾಡುವ ಕಾರುಗಳೂ ನಮ್ಮವೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಲಾಭ ನಮ್ಮ ಖಾತೆಗೆ, ನಷ್ಟ ಅವಳ ಖಾತೆಗೆ. ಯುರೋಪಿನಲ್ಲಿ ಮೊಟ್ಟೆಯ ಮೇಲೆ ಸಂಖ್ಯೆ ಹೊಡೆಯುತ್ತಾರೆ, 3 ಎಂದರೆ ಪಂಜರದ ಕೋಳಿ, 1 ಎಂದರೆ ಹೊರಗೆ ಬಿಟ್ಟದ್ದು. 1 ಎಂದು ಹಾಕಬೇಕಾದರೆ ಪ್ರತಿ ಕೋಳಿಗೆ ಹೊರಗೆ 4 ಚದರ ಮೀಟರ್ ಜಾಗ ಇರಬೇಕು. ಆ ಜಾಗ ಬೇಲಿಯೊಳಗಿನದ್ದು. ಬಿಟ್ಟು ಸಾಕುವುದು ಎಂದರೆ ದಾರಿಯಲ್ಲಿ ಬಿಡುವುದು ಎಂದು ಯಾರೂ ಹೇಳಿಲ್ಲ. ಹಾಗೆಯೇ, ಮಕ್ಕಳನ್ನು ಸ್ವತಂತ್ರವಾಗಿ ಬೆಳೆಸುತ್ತೇವೆ ಎನ್ನುವ ತಂದೆ ತಾಯಿ ಟೆರೇಸಿಗೆ ಪ್ಯಾರಪೆಟ್ ಬೇಡ ಎನ್ನುವುದಿಲ್ಲವಲ್ಲ.

ಸೊಸೈಟಿಯ ಮೀಟಿಂಗಿನಲ್ಲಿ ನಾನು ಇದನ್ನೇ ಹೇಳಿದೆ. ವಿರೋಧ ಬಂತು, ವಿರೋಧದಲ್ಲಿ ಹುರುಳೂ ಇತ್ತು. ಒಬ್ಬರು ಕೇಳಿದರು, "ಇವತ್ತು ಕೋಳಿಗೆ ಕೊಟ್ಟರೆ ನಾಳೆ ಯಾರದ್ದೋ ಆಡು, ನಾಡಿದ್ದು ಯಾರದ್ದೋ ಎಮ್ಮೆ. ಆಮೇಲೆ ಕೋಳಿ ಸತ್ತರೆ ದುಡ್ಡು ಸಿಗುತ್ತದೆ ಎಂದು ಮುದಿ ಕೋಳಿಯನ್ನು ಬೇಕೆಂದೇ ಬಿಡುವುದಿಲ್ಲ ಎಂದು ಏನು ಗ್ಯಾರಂಟಿ?" ಸಾಲ ಕೊಟ್ಟು ಅನುಭವ ಇರುವ ಯಾರೂ ಈ ಮಾತನ್ನು ತಳ್ಳಿಹಾಕಲಾರರು. 1980ರ ದಶಕದ ಕೊನೆಗೆ ನಾನು ಶಹಾಪುರ ತಾಲೂಕಿನ ಶಾಖೆಯಲ್ಲಿದ್ದಾಗ ಐ.ಆರ್.ಡಿ.ಪಿ. ಯೋಜನೆಯಲ್ಲಿ ಆಡು, ಕೋಳಿಗೆ ಸಾಲ ಕೊಡುತ್ತಿದ್ದೆವು. ಆಡಿನ ಕಿವಿಗೆ ವಿಮೆಯ ಬಿಲ್ಲೆ ಹಾಕಬಹುದಿತ್ತು, ಕೋಳಿಗೆ ಎಲ್ಲಿ ಹಾಕುವುದು? ಪರಿಶೀಲನೆಗೆ ಹೋದರೆ ಒಂದೇ ಹುಂಜ ಮೂರು ಮನೆಯಲ್ಲಿ ಎದುರಾಗಿ ನನ್ನನ್ನು ಗುರುತಿಸುತ್ತಿತ್ತು! ಅದಕ್ಕೇ ನಾನು ಹೇಳಿದೆ, ಸತ್ತ ಕೋಳಿಗೆ ಒಂದು ಪೈಸೆಯೂ ಬೇಡ, ಸಾಯದಂತೆ ಮಾಡುವ ಬಲೆಗೆ ಕೊಡೋಣ. ಬಿದಿರು ಮತ್ತು ಕೂಲಿ ಮಾವಶಿಯದ್ದು, ಮಾರ್ಜಿನ್ ಮನಿ ಎಂದು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಮೊಟ್ಟೆ ಕೊಳ್ಳುವ ಮನೆಗಳು ಮೊಟ್ಟೆಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಒಂದು ಡಬ್ಬಿಯಲ್ಲಿ ಹಾಕುವುದು. ಹುಡುಗನ ಬೈಕ್ ರಿಪೇರಿ ಮತ್ತು ಡಾಕ್ಟರ ಖರ್ಚಿಗೆ ಆ ದಿನ ಊಟ ತರಿಸಿದವರೂ ಸೇರಿದಂತೆ ಮನಸ್ಸಿದ್ದವರು ಕೊಡುವುದು. ಹದಿನೇಳು ಮನೆಯವರು ಒಪ್ಪಿದರು. ಐದು ಮನೆಯವರು ಫಾರಂ ಮೊಟ್ಟೆಗೆ ಹೋದರು, ಅದು ಅವರ ಹಕ್ಕು.

ಬಲೆಯ ಕೆಲಸದಲ್ಲಿ ನಾನು ಕಲಿತದ್ದು ಎಂ.ಕಾಂ.ನಲ್ಲಿ ಕಲಿತದ್ದಕ್ಕಿಂತ ಹೆಚ್ಚು ಎಂದರೆ ನೀವು ನಂಬಬೇಕು. ಖಾಡಿಯ ಕಡೆಯ ಮೀನುಗಾರರಿಂದ ಹರಿದ ನೈಲಾನ್ ಬಲೆ ಅಗ್ಗಕ್ಕೆ ಸಿಕ್ಕಿತು. ಆಳೆತ್ತರಕ್ಕೆ ಬಿದಿರಿನ ಗೂಟ ನೆಟ್ಟು ರಸ್ತೆಯ ಬದಿಗೆ ಮಾತ್ರ ಕಟ್ಟಿದೆವು, ಗುಡ್ಡದ ಬದಿ ಹಾಗೇ ತೆರೆದದ್ದು. ಮೇಲಂಚಿಗೆ ಅಡ್ಡ ಬಿದಿರು ಕಟ್ಟಲು ಹೊರಟಾಗ ಮಾವಶಿ ತಡೆದಳು. ಕೂರುವ ಗಟ್ಟಿ ಅಂಚು ಕಣ್ಣಿಗೆ ಬಿದ್ದರೆ ಕೋಳಿ ಅಲ್ಲಿಗೆ ಹಾರಿ ಕೂತು ಆಚೆ ಧುಮುಕುತ್ತದೆ, ಅಂಚು ಜೋಲಾಡುತ್ತಿದ್ದರೆ ಹಾರಲು ಧೈರ್ಯ ಮಾಡುವುದಿಲ್ಲ. ಕೆಳಗಿನ ಒಂದು ಅಡಿಗೆ ಹಸಿರು ಶೇಡ್ ನೆಟ್, ಇಲ್ಲದಿದ್ದರೆ ಮರಿಗಳು ಬಲೆಯ ಕಣ್ಣಿನೊಳಗೆ ನುಸುಳುತ್ತವೆ. ಗೂಡಿನ ಬಾಗಿಲನ್ನು ರಸ್ತೆಯಿಂದ ಗುಡ್ಡದ ಕಡೆಗೆ ತಿರುಗಿಸಿದೆವು. ತಿರುಗಿಸಿದ ಮೇಲೆ ಒಂದು ವಾರ ಕೋಳಿಗಳನ್ನು ಒಳಗೇ ಇಟ್ಟು ಕಾಳು ಹಾಕಬೇಕು, ಆಗ ಮನೆ ಎಂದರೆ ಇದು ಎಂದು ಅವಕ್ಕೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬಿಡುವ ಬದಲು ಮಧ್ಯಾಹ್ನ ಮೊಟ್ಟೆ ಇಟ್ಟು ಮುಗಿದ ಮೇಲೆ ಬಿಡುವುದು. ಕತ್ತಲಾಗುವ ಮೊದಲು ಅದೇ ಹೊತ್ತಿಗೆ, ಅದೇ ಕೂಗಿಗೆ, ಅದೇ ಜಾಗದಲ್ಲಿ ಅಕ್ಕಿ ನುಚ್ಚು. ಹೊಟ್ಟೆ ಹಸಿದ ಕೋಳಿ ಗಡಿಯಾರಕ್ಕಿಂತ ಸರಿಯಾಗಿ ಬರುತ್ತದೆ. ಕತ್ತಲಾದ ಮೇಲೆ ಬಾಗಿಲು ಭದ್ರ, ಯೇವೂರಿನ ಚಿರತೆಗೆ ನಮ್ಮ ಮೀಟಿಂಗಿನ ಠರಾವು ಗೊತ್ತಿಲ್ಲ.

ಮುಖ್ಯವಾದ ಇನ್ನೊಂದು ವಿಷಯ, ಕೋಳಿಯನ್ನು ತಡೆಯುವುದಕ್ಕಿಂತ ಕರೆಯುವುದು ಒಳ್ಳೆಯದು. ರಸ್ತೆ ಬದಿಯಲ್ಲಿ ಹೋಟೆಲಿನವರು ಸುರಿಯುತ್ತಿದ್ದ ಅನ್ನ, ಚರಂಡಿಯ ಹುಳ, ಇವೇ ಅವನ್ನು ಎಳೆಯುತ್ತಿದ್ದದ್ದು. ಅನ್ನ ಸುರಿಯುವುದನ್ನು ನಿಲ್ಲಿಸಿ ಆ ಬದಿಯ ಪೊದೆ ಕಡಿದು ಬೋಳು ಮಾಡಿದೆವು. ಮರೆ ಇಲ್ಲದ ಕಡೆ ಕೋಳಿಗೆ ಗಿಡುಗನ ಭಯ, ಹೋಗುವುದಿಲ್ಲ. ಗುಡ್ಡದ ಬದಿಗೆ ಗೊಬ್ಬರದ ರಾಶಿ, ಮಣ್ಣಿನ ಸ್ನಾನಕ್ಕೆ ಬೂದಿ ಬೆರೆಸಿದ ಹುಡಿಮಣ್ಣು, ನೆರಳಿಗೆ ಪೇರಳೆ ಗಿಡ. ರೆಕ್ಕೆಯ ಗರಿ ಕತ್ತರಿಸುವ ಸಲಹೆಯನ್ನೂ ಯಾರೋ ಕೊಟ್ಟರು. ಒಂದೇ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದರೆ ತೂಕ ತಪ್ಪಿ ಹಾರಲಾಗುವುದಿಲ್ಲ, ನೋವೂ ಆಗುವುದಿಲ್ಲ, ಉಗುರು ಕತ್ತರಿಸಿದಂತೆ. ಮಾವಶಿ ಖಂಡತುಂಡ ಬೇಡ ಎಂದಳು. ನಾಯಿ ಬಂದಾಗ ಅದು ಮರ ಹತ್ತುವುದು ಹೇಗೆ? ಅವಳು ಹೇಳಿದ್ದು ಸರಿ. ಒಂದು ಅಪಾಯಕ್ಕೆ ಹೆದರಿ ಎಲ್ಲ ಅಪಾಯಗಳಿಗೂ ಇರುವ ಒಂದೇ ಉಪಾಯವನ್ನು ಕಿತ್ತುಕೊಳ್ಳುವುದು ರಕ್ಷಣೆ ಹೇಗಾದೀತು?

ಕೊನೆಗೆ ತಿನ್ನುವ ಕೋಳಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರು ಇದ್ದಾರೆ. ನನ್ನ ಹೆಂಡತಿಯೇ ಕೇಳಿದಳು. ಪೇರಳೆ ಗಿಡ ಹತ್ತಿ ಬಲೆ ದಾಟುವುದನ್ನು ಕಲಿತ ಒಂದು ಹುಂಜ ಗಟಾರಿ ಅಮಾವಾಸ್ಯೆಗೆ ಮಾವಶಿಯ ಒಲೆ ಸೇರಿತು, ನನಗೂ ಒಂದು ಬಟ್ಟಲು ಬಂತು, ತಿಂದೆ. ಜನ್ನನ ಲೆಕ್ಕದಲ್ಲಿ ಸಂಕಲ್ಪ ಮಾಡಿ ಕೊಂದವರು, ತಿಂದವರು ಆ ಬೈಕಿನ ಹುಡುಗನಿಗಿಂತ ದೊಡ್ಡ ತಪ್ಪಿತಸ್ಥರು. ಆ ಲೆಕ್ಕ ತಪ್ಪು ಎಂದು ಹೇಳುವ ಶಕ್ತಿ ನನಗಿಲ್ಲ. ಆದರೆ ನನಗೆ ತೋರುವುದು ಇಷ್ಟು. ಒಲೆಗೆ ಹೋದ ಹುಂಜದ ಸಾವಿಗೆ ಮಾವಶಿ ತಾನು ಹೊಣೆ ಎಂದು ಒಪ್ಪುತ್ತಾಳೆ, ಕೊಯ್ಯುವ ಮೊದಲು ಒಂದು ಮಾತು ಹೇಳಿ ನೀರು ಬಿಡುತ್ತಾಳೆ. ರಸ್ತೆಯ ಸಾವನ್ನು ಯಾರೂ ತನ್ನದು ಎನ್ನುವುದಿಲ್ಲ. ನನ್ನನ್ನು ಕಾಡುವುದು ಈ ಎರಡನೆಯದು.

ಈ ಬಲೆಯ ಚಿತ್ರ ಬಿಡಿಸಿ ಊರಿಗೂ ಕಳಿಸಿದ್ದೆ. ನಮ್ಮಲ್ಲಿ 2010ರ ದಶಕದಲ್ಲಿ ಹೆದ್ದಾರಿ ಚತುಷ್ಪಥವಾದಾಗ ಕೆಂಪು ಕಲ್ಲಿನ ಕಟ್ಟೆ, ತೆಂಗಿನ ಮರ ಎರಡೂ ಹೋದವು, ಪಡುವಣದ ಗದ್ದೆಗೆ ಹೋಗಲು ಈಗ ಮನುಷ್ಯರೇ ಅರ್ಧ ಕಿಲೋಮೀಟರ್ ಸುತ್ತಬೇಕು. ತಮ್ಮನ ಹೆಂಡತಿ ಕೋಳಿಗಳನ್ನು ಆವಾಗಲೇ ಮಾರಿದ್ದಳು. ಹೀಗೆ ಬಲೆ ಕಟ್ಟಿದರೆ ಮತ್ತೆ ಸಾಕಬಹುದು ಎಂದು ಫೋನಿನಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಬಲೆ ಕಟ್ಟಬಹುದು ಭಾವ, ಸಂಜೆ ಬಾ ಬಾ ಎಂದು ಕರೆಯಲು ಜನ ಬೇಕಲ್ಲ? ಮಕ್ಕಳು ಬೆಂಗಳೂರು, ದುಬೈ. ನೀವು ಅಲ್ಲಿ" ಎಂದಳು. ನಾನು ಬೇರೆ ವಿಷಯ ತೆಗೆದೆ.

ಒಳರಸ್ತೆಗೆ ಎರಡು ಸ್ಪೀಡ್ ಬ್ರೇಕರ್ ಬೇಕೆಂದು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಖರ್ಚಿನ ಪಾಲು ಹಾಕುವಾಗ ರಸ್ತೆ ಮಾಡಿದವರ ಅಂಕಣ ಮಾತ್ರ ನನ್ನ ಪುಸ್ತಕದಲ್ಲಿ ಖಾಲಿ ಇದೆ. ಜತ್ತದ ಹುಡುಗ ಈಗ ಭಿವಂಡಿಯ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಮೂಳೆ ಕೂಡಿದ ಜಾಗದಲ್ಲಿ ಸಣ್ಣ ಗಂಟು ಉಳಿದಿದೆಯಂತೆ. ತಾಯಿಯಿಲ್ಲದ ಆ ಒಂಬತ್ತು ಮರಿಗಳಲ್ಲಿ ನಾಲ್ಕು ಉಳಿದು ಹೇಂಟೆಗಳಾಗಿ ಮೊಟ್ಟೆ ಇಡುತ್ತಿವೆ. ಬಿದಿರಿನ ಎರಡು ಗೂಟಕ್ಕೆ ಗೆದ್ದಲು ಹಿಡಿದಿದೆ, ಮಳೆಗೆ ಮೊದಲು ಬದಲಿಸಬೇಕು. ಡಬ್ಬಿಯಲ್ಲಿ 340 ರೂಪಾಯಿ ಇದೆ.